ಲೈಸೆನ್ಸು ಬದಲಿಸುವ ಹಕ್ಕು ಯಾರದು?

ನಮ್ಮ ಕಾಲೇಜಿನ ನಾಲ್ವರು ವಿದ್ಯಾರ್ಥಿಗಳು ಕೆಲವು ವರ್ಷಗಳ ಹಿಂದೆ ಒಂದು ಸಣ್ಣ ತಂತ್ರಾಂಶವನ್ನು ಬರೆದರು. ಲೋಲಕದ ಪ್ರಯೋಗದಲ್ಲಿ ದೊರೆತ ಅಳತೆಗಳನ್ನು ಒದಗಿಸಿದರೆ ಅದು ಗುರುತ್ವ ವೇಗೋತ್ಕರ್ಷವನ್ನೂ, ಆ ಬೆಲೆಯಲ್ಲಿ ಇರಬಹುದಾದ ದೋಷದ ಪ್ರಮಾಣವನ್ನೂ ಲೆಕ್ಕಹಾಕಿ ಕೊಡುತ್ತದೆ. ಜಿಪಿಎಲ್ ಎಂಬ ಲೈಸೆನ್ಸಿನ ಅಡಿಯಲ್ಲಿ ಅವರು ಅದನ್ನು ಲೋಕಕ್ಕೆ ಬಿಟ್ಟುಕೊಟ್ಟರು. ಈಚೆಗೆ ಅವರಲ್ಲಿ ಮೂವರು ನಮ್ಮಲ್ಲಿಗೆ ಬಂದು, "ಲೈಸೆನ್ಸನ್ನು ಬದಲಿಸಬೇಕೆಂದಿದ್ದೇವೆ, ಸಾರ್" ಎಂದರು. ನಾಲ್ಕನೆಯವನು ಏನನ್ನುತ್ತಾನೆ ಎಂದು ಕೇಳಿದೆವು. "ಅವನೆಲ್ಲಿದ್ದಾನೋ ತಿಳಿಯದು. ಅವನು ಬರೆದದ್ದು ಬರಿಯ ನಲವತ್ತು ಸಾಲು" ಎಂಬ ಉತ್ತರ ಬಂತು.

ಆ ನಲವತ್ತು ಸಾಲುಗಳ ವಿಚಾರವಾಗಿಯೇ ಈ ಲೇಖನ.

ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯು ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯಕೃತಿಗಳ ಸಾಲಿನಲ್ಲಿ ಕುಳ್ಳಿರಿಸಿದೆ. ಕವಿಗೆ ತನ್ನ ಕವನದ ಮೇಲಿರುವಂಥ ಹಕ್ಕೇ ಪ್ರೋಗ್ರಾಮು ಬರೆದವನಿಗೂ ಉಂಟು. (ಕವಿಗಳು ಇದನ್ನು ಒಪ್ಪುವರೋ ಇಲ್ಲವೋ ನಾವರಿಯೆವು.) ಮುಕ್ತ ತಂತ್ರಾಂಶವೆಂದರೆ ಒಡೆಯರಿಲ್ಲದ ಸೊತ್ತು ಎಂದು ಅನೇಕ ವಿದ್ಯಾರ್ಥಿಗಳು ಭಾವಿಸಿದ್ದಾರೆ. ಸಂಗತಿ ಹಾಗಿಲ್ಲ. ಅದಕ್ಕೆ ಒಡೆಯರು ಹಲವರು. ತಮ್ಮ ಹಕ್ಕನ್ನು ಉಳಿಸಿಕೊಂಡೇ ಅವರು ಇತರರಿಗೆ ಬಳಕೆಯ ಅನುಮತಿಯನ್ನು ನೀಡಿರುತ್ತಾರೆ. ಆ ಅನುಮತಿಪತ್ರವೇ ಲೈಸೆನ್ಸು. ಅವಿಭಕ್ತ ಕುಟುಂಬದ ಜಮೀನನ್ನು ಮಾರಬೇಕಾದರೆ ಪಾಲುದಾರರೆಲ್ಲರ ರುಜು ಬೇಕಲ್ಲವೇ? ಹತ್ತು ಗುಂಟೆಯ ಪಾಲಿನವನು ಮುಂಬಯಿಯಲ್ಲಿದ್ದರೂ ಅವನನ್ನು ಕರೆಸಲೇಬೇಕು. ಇದೂ ಅಂತೆಯೇ.

ಈ ಕರೆಸುವ ಕೆಲಸ ಎಷ್ಟು ಪ್ರಯಾಸದ್ದೆಂಬುದಕ್ಕೆ ವಿಎಲ್‌ಸಿ ಉತ್ತಮ ನಿದರ್ಶನ. ಚಲನಚಿತ್ರಗಳನ್ನು ನೋಡಲು ನಮ್ಮ ವಾಚಕರಲ್ಲಿ ಬಹುಮಂದಿ ಇದನ್ನು ಬಳಸಿರಬಹುದು. 1996ರಲ್ಲಿ ಪ್ಯಾರಿಸಿನ ಎಕೋಲ್ ಸಾಂತ್ರಾಲ್ ಎಂಬ ಇಂಜಿನಿಯರಿಂಗ್ ವಿದ್ಯಾಲಯದ ವಿದ್ಯಾರ್ಥಿಗಳು ಇದನ್ನು ಆರಂಭಿಸಿದರು. 2001ರಲ್ಲಿ ಇದು ಜಿಪಿಎಲ್ ಅಡಿಯಲ್ಲಿ ಹೊರಬಂತು. ಜಿಪಿಎಲ್ ವಿಧಿಸುವ ಮುಖ್ಯ ನಿಯಮವಿಷ್ಟು: ತಂತ್ರಾಂಶವನ್ನು ಪರರಿಗೆ ಹಂಚುವವನು ಅದರ ಸೋರ್ಸ್ ಕೋಡನ್ನೂ ಕೊಡಬೇಕು, ಪಡೆದವನ ಮೇಲೆ ಹೊಸ ನಿರ್ಬಂಧಗಳನ್ನು ಹೇರಕೂಡದು. ಆಪಲ್ ಕಂಪೆನಿಯ ಆಪ್ ಸ್ಟೋರಿನ ಷರತ್ತುಗಳು ಈ ನಿಯಮಕ್ಕೆ ಹೊಂದುವುದಿಲ್ಲವೆಂದು ವಿಎಲ್‌ಸಿಯ ಕರ್ತೃಗಳಲ್ಲಿಯೇ ಒಬ್ಬರು ಆಕ್ಷೇಪಿಸಿದರು. 2011ರ ಜನವರಿಯಲ್ಲಿ ವಿಎಲ್‌ಸಿ ಆ ಅಂಗಡಿಯಿಂದ ತೆರವಾಯಿತು. ಒಬ್ಬ ಪಾಲುದಾರನ ಮಾತಿಗೆ ಎಷ್ಟು ಬಲ!

ತಂತ್ರಾಂಶದ ಒಳಯಂತ್ರವನ್ನು ಇತರ ಪ್ರೋಗ್ರಾಮುಗಳೂ ಸುಲಭವಾಗಿ ಬಳಸಿಕೊಳ್ಳುವಂತಾಗಲಿ ಎಂದು ಅದರ ನಿರ್ವಾಹಕರು ಆ ಭಾಗವನ್ನು ಎಲ್‌ಜಿಪಿಎಲ್ ಎಂಬ ಸಡಿಲವಾದ ಲೈಸೆನ್ಸಿಗೆ ಒಯ್ಯಲು ನಿಶ್ಚಯಿಸಿದರು. ಆಗ ಮೊದಲಾಯಿತು ಹುಡುಕಾಟ. ಹದಿನೈದು ವರ್ಷಗಳಲ್ಲಿ ಕೈಹಚ್ಚಿದವರು ಇನ್ನೂರಕ್ಕೂ ಮಿಕ್ಕಿದ್ದರು. ಕೆಲವರು ಆ ಕೆಲಸವನ್ನು ಬಿಟ್ಟು ಬಹುಕಾಲವಾಗಿತ್ತು. ಅವರನ್ನೆಲ್ಲ ಒಬ್ಬೊಬ್ಬರಾಗಿ ಪತ್ತೆಹಚ್ಚಿ ಒಪ್ಪಿಗೆ ಕೇಳಿದರು. 2011ರ ಕೊನೆಗೆ ತಿರುಳಿನ ಭಾಗವೂ, 2012ರ ನವೆಂಬರಿನಲ್ಲಿ ಉಳಿದುದರಲ್ಲಿ ಬಹುಪಾಲೂ ಹೊಸ ಲೈಸೆನ್ಸಿಗೆ ಬಂದವು. ಒಪ್ಪಿಗೆ ದೊರೆಯದ ಕೆಲವು ಭಾಗಗಳು ಹಳೆಯದರಲ್ಲಿಯೇ ಉಳಿದವು. ಯಾರ ಸಾಲನ್ನೂ "ಬರಿಯ" ಎಂದು ತಳ್ಳಲಿಲ್ಲವೆಂಬುದು ನಮಗೆ ಇದರಲ್ಲಿ ಮೆಚ್ಚುಗೆಯಾದ ಅಂಶ.

ಇನ್ನೊಂದು ಬಗೆಯ ಕಥೆ ರೆಡಿಸ್‌ನದು. ದತ್ತಾಂಶವನ್ನು ಕಂಪ್ಯೂಟರಿನ ಮೆಮೊರಿಯಲ್ಲಿಯೇ ಇಟ್ಟು ಅತಿವೇಗದಿಂದ ಒದಗಿಸುವ ಈ ತಂತ್ರಾಂಶವನ್ನು 2009ರಲ್ಲಿ ಇಟಲಿಯ ಸಾಲ್ವತೋರೆ ಸಾನ್‌ಫಿಲಿಪ್ಪೋ ಹೊರತಂದರು. ಅದರ ಲೈಸೆನ್ಸು ಬಿಎಸ್‌ಡಿ. ಹೆಸರನ್ನೂ ಷರತ್ತಿನ ಒಕ್ಕಣೆಯನ್ನೂ ಉಳಿಸಿಕೊಂಡರೆ ಸಾಕು, ಮುಚ್ಚಿದ ತಂತ್ರಾಂಶದಲ್ಲಿಯೂ ಸೇರಿಸಿಕೊಳ್ಳಬಹುದೆನ್ನುವಷ್ಟು ಉದಾರವಾದುದು ಅದು. ಈ ಔದಾರ್ಯದಿಂದಾಗಿಯೇ 2024ರ ಮಾರ್ಚಿನಲ್ಲಿ ಅದರ ಒಡೆತನವಿದ್ದ ಕಂಪೆನಿಯು ಮುಂದಿನ ಆವೃತ್ತಿಗಳನ್ನು ಬಿಗಿಯಾದ ಲೈಸೆನ್ಸುಗಳ ಅಡಿಯಲ್ಲಿ ತರುವುದಾಗಿ ಸಾರಿದಾಗ ಯಾರ ರುಜುವೂ ಬೇಕಾಗಲಿಲ್ಲ. ದೊಡ್ಡ ಕ್ಲೌಡ್ ಕಂಪೆನಿಗಳು ನಮ್ಮ ತಂತ್ರಾಂಶವನ್ನು ಬಾಡಿಗೆಗೆ ಕೊಟ್ಟು ಲಾಭ ಗಳಿಸುತ್ತಿವೆ, ನಮಗೇನೂ ದಕ್ಕುತ್ತಿಲ್ಲ ಎಂಬುದು ಅದರ ದೂರು. ಈ ದೂರು ಸುಳ್ಳಲ್ಲ. ಆದರೆ ವರ್ಷಗಟ್ಟಲೆ ವೇತನವಿಲ್ಲದೆ ದುಡಿದ ಹೊರಗಿನವರನ್ನು ಒಂದು ಮಾತು ಕೇಳುವುದಕ್ಕೆ ಕಾನೂನಿನ ಒತ್ತಾಯವೇ ಬೇಕಾಗಿತ್ತೇ? ಕಾನೂನಿಗೆ ಸಮ್ಮತವಾದುದೆಲ್ಲ ಉಚಿತವೆಂದು ನಾವು ಒಪ್ಪಲಾರೆವು.

ಒಮ್ಮೆ ಬಿಡುಗಡೆಯಾದ ಆವೃತ್ತಿಯ ಅನುಮತಿಯನ್ನು ಹಿಂದಕ್ಕೆ ಪಡೆಯಲಾಗದು. ಬದಲಾವಣೆ ಮುಂದಿನವುಗಳಿಗೆ ಮಾತ್ರ. ಆದುದರಿಂದ ಅದೇ ತಿಂಗಳಲ್ಲಿ ಹಳೆಯ ಪ್ರತಿಯನ್ನು ಹಿಡಿದು ಲಿನಕ್ಸ್ ಫೌಂಡೇಷನ್ನಿನ ಆಶ್ರಯದಲ್ಲಿ ವ್ಯಾಲ್ಕಿ ಎಂಬ ಕವಲು ಹೊರಟಿತು. 2025ರ ಮೇ ತಿಂಗಳಲ್ಲಿ ಕಂಪೆನಿಯು ಎಜಿಪಿಎಲ್ ಎಂಬ ಮುಕ್ತ ಲೈಸೆನ್ಸನ್ನೂ ಸೇರಿಸಿತಾದರೂ ಒಡೆದ ಮನೆ ಒಂದಾಗಲಿಲ್ಲ.

ಹಾಗಾದರೆ ಲೈಸೆನ್ಸು ಬದಲಾಗಲೇಬಾರದೇ? ಅಷ್ಟು ಕಟ್ಟುನಿಟ್ಟು ನಮಗಿಲ್ಲ. ಕಾಲ ಬದಲಾದಂತೆ ಷರತ್ತುಗಳೂ ಬದಲಾಗಬೇಕಾದೀತು. ನಮ್ಮ ಹಟವೆಲ್ಲ ಕೇಳಿ ಬದಲಿಸಬೇಕೆಂಬುದು. ಕೆಲವು ಕಂಪೆನಿಗಳು, ಸಾಲುಗಳನ್ನು ಸ್ವೀಕರಿಸುವ ಮುನ್ನವೇ, ಮುಂದೆ ಬೇಕಾದ ಲೈಸೆನ್ಸನ್ನು ಹಾಕಿಕೊಳ್ಳಲು ಅಧಿಕಾರ ಕೊಡುವ ಕರಾರಿಗೆ ರುಜು ಪಡೆಯುತ್ತವೆ. ವಿದ್ಯಾರ್ಥಿಗಳು ಉತ್ಸಾಹದಲ್ಲಿ ಅದನ್ನು ಓದದೆಯೇ ಒಪ್ಪಿಬಿಡುತ್ತಾರೆ. ಓದಿ ಒಪ್ಪಿದರೆ ನಮ್ಮ ಆಕ್ಷೇಪವಿಲ್ಲ.

ನಮ್ಮ ಮೂವರು ಹುಡುಗರು ಹಳೆಯ ಸಹಪಾಠಿಗಳಲ್ಲಿ ವಿಚಾರಿಸಿ ನಾಲ್ಕನೆಯವನ ವಿಳಾಸವನ್ನು ಪಡೆದಿದ್ದಾರೆ. ಅವನು ಈಗ ಪುಣೆಯಲ್ಲಿದ್ದಾನಂತೆ. ಕಾಗದ ಬರೆದು ಮೂರು ವಾರವಾಯಿತು, ಉತ್ತರವಿನ್ನೂ ಬಂದಿಲ್ಲ. ಒಪ್ಪದಿದ್ದರೆ ಆ ನಲವತ್ತು ಸಾಲುಗಳನ್ನು ತೆಗೆದು ದೋಷದ ಲೆಕ್ಕದ ಭಾಗವನ್ನು ತಾವೇ ಹೊಸದಾಗಿ ಬರೆಯುವುದಾಗಿ ಹೇಳುತ್ತಾರೆ. ಅಲ್ಲಿಯವರೆಗೆ ತಂತ್ರಾಂಶವು ಹಳೆಯ ಲೈಸೆನ್ಸಿನಲ್ಲಿಯೇ ಇದೆ.