ಮತ ಕೇಳಲು ಮರಳಿ ಬರಬೇಕಾದವರ ಕಾನೂನು

10 ರೂಪಾಯಿ ಶುಲ್ಕ ಕಟ್ಟಿ ತಾಲ್ಲೂಕು ಕಚೇರಿಯ ಟಪಾಲು ವಿಭಾಗದಲ್ಲಿ ಒಂದು ಅರ್ಜಿ ಕೊಟ್ಟರೆ, ಗುಮಾಸ್ತರು ಮೊಹರು ಒತ್ತಿ ಸ್ವೀಕೃತಿ ಕೊಡುತ್ತಾರೆ. 30 ದಿನದೊಳಗೆ ಉತ್ತರ ಬರಬೇಕು. ಊರಿನ ರಸ್ತೆಗೆ ಬಂದ ಹಣ ಏನಾಯಿತೆಂದು ಸಾಮಾನ್ಯ ರೈತನೂ ಕೇಳುವ ಈ ಬಲ 2005ರ ಮಾಹಿತಿ ಹಕ್ಕು ಕಾಯ್ದೆಯದು.

ತಜ್ಞರೇ ಕೂತು ಬರೆದರೆ ಕಾನೂನು ಚೊಕ್ಕವಾಗಿರುತ್ತದೆ, ಗಟ್ಟಿ ನಾಯಕನೊಬ್ಬ ಆಜ್ಞೆ ಹೊರಡಿಸಿದರೆ ಕೆಲಸ ಬೇಗ ಆಗುತ್ತದೆ ಎನ್ನುವವರು ನಮ್ಮಲ್ಲಿ ಬಹಳ ಮಂದಿ. ಈ ಕಾಯ್ದೆ ಹುಟ್ಟಿದ ಬಗೆಯನ್ನು ಅವರು ನೋಡಬೇಕು. 1996ರಲ್ಲಿ ರಾಜಸ್ಥಾನದ ಬ್ಯಾವರ್‌ನಲ್ಲಿ ಬಡ ಕೂಲಿಕಾರರು, ರೈತರು ಲೆಕ್ಕ ಕೇಳಿ 40 ದಿನ ಧರಣಿ ಕೂತರು. 2000ದಲ್ಲಿ ಕರ್ನಾಟಕವೇ ತನ್ನದೊಂದು ಮಾಹಿತಿ ಹಕ್ಕು ಕಾಯ್ದೆ ಮಾಡಿತು. ಆದರೆ 2004ರ ಡಿಸೆಂಬರಿನಲ್ಲಿ ಸಂಸತ್ತಿಗೆ ಬಂದ ಮಸೂದೆ ಕೇಂದ್ರ ಸರ್ಕಾರದ ಕಚೇರಿಗಳಿಗಷ್ಟೇ ಅನ್ವಯಿಸುವಂತಿತ್ತು. ಅದು ಸ್ಥಾಯಿ ಸಮಿತಿಯ ಮುಂದೆ ಹೋಯಿತು. ಅಲ್ಲಿ ಆಡಳಿತ ಪಕ್ಷದವರೂ ವಿರೋಧ ಪಕ್ಷದವರೂ ಒಟ್ಟಿಗೆ ಕೂತು ಒಂದೊಂದು ಕಲಮನ್ನೂ ಪರಿಶೀಲಿಸಿದರು. ನೂರಕ್ಕೂ ಹೆಚ್ಚು ತಿದ್ದುಪಡಿಗಳೊಂದಿಗೆ 2005ರ ಮೇ ತಿಂಗಳಲ್ಲಿ ಮಸೂದೆಗೆ ಒಪ್ಪಿಗೆ ಸಿಕ್ಕಾಗ ರಾಜ್ಯಗಳ ಕಚೇರಿಗಳೂ ಅದರೊಳಗೆ ಬಂದಿದ್ದವು. ಮುಚ್ಚಿದ ಕೋಣೆಯಿಂದ ಹೊರಡುವ ಆಜ್ಞೆಗೆ ಹೀಗೆ ತಿದ್ದಿಸಿಕೊಳ್ಳುವ ಅವಕಾಶವೇ ಇಲ್ಲ.

ಚುನಾಯಿತ ಸದನ ತಪ್ಪು ಮಾಡುವುದಿಲ್ಲವೇ? ಮಾಡಿದೆ. 1976ರಲ್ಲಿ ತುರ್ತುಪರಿಸ್ಥಿತಿಯ ನಡುವೆ, ವಿರೋಧ ಪಕ್ಷಗಳ ನಾಯಕರು ಜೈಲಿನಲ್ಲಿರುವಾಗ, ಸಂವಿಧಾನದ 42ನೇ ತಿದ್ದುಪಡಿಯನ್ನು ಅಂಗೀಕರಿಸಿದ್ದು ಸಂಸತ್ತೇ. ಆದರೆ ಒಂದು ಸಂಗತಿಯನ್ನು ಮರೆಯಬಾರದು. ಆ ಲೋಕಸಭೆಯ ಐದು ವರ್ಷದ ಅವಧಿ ಆಗಲೇ ಮುಗಿದಿತ್ತು. ಜನರ ಮುಂದೆ ಹೋಗುವ ಗಡುವನ್ನು ಅದು ತಾನೇ ಮುಂದೂಡಿಕೊಂಡಿತ್ತು. 1977ರಲ್ಲಿ ಚುನಾವಣೆ ನಡೆದಾಗ ಜನ ಆ ಸರ್ಕಾರವನ್ನು ಇಳಿಸಿದರು. ಮುಂದಿನ ವರ್ಷ ಹೊಸ ಸಂಸತ್ತು 44ನೇ ತಿದ್ದುಪಡಿ ತಂದು ಹಲವು ತಪ್ಪುಗಳನ್ನು ಸರಿಪಡಿಸಿತು, ಲೋಕಸಭೆಯ ಅವಧಿಯನ್ನು ಮತ್ತೆ ಐದು ವರ್ಷಕ್ಕೆ ಇಳಿಸಿತು. ಗುಂಡು ಹಾರಲಿಲ್ಲ, ದಂಗೆ ಏಳಲಿಲ್ಲ. ಮತಪೆಟ್ಟಿಗೆ ಸಾಕಾಯಿತು.

ಸಂಸದರೆಲ್ಲ ಮಹಾಜ್ಞಾನಿಗಳಾಗಬೇಕಿಲ್ಲ. ತಾವು ಮಾಡಿದ ಕಾನೂನಿಗೆ ಎಲ್ಲರ ಎದುರು ಕಾರಣ ಕೊಡಬೇಕು, ಅದೇ ಜನರ ಮನೆಬಾಗಿಲಿಗೆ ಮತ್ತೆ ಬರಬೇಕು ಎಂಬ ಎರಡು ಕಟ್ಟುಪಾಡುಗಳೇ ಈ ವ್ಯವಸ್ಥೆಯ ಶಕ್ತಿ. ಗದ್ದಲದ ನಡುವೆ ಚರ್ಚೆಯಿಲ್ಲದೆ ನಿಮಿಷಗಳಲ್ಲಿ ಮಸೂದೆ ಪಾಸಾದರೆ ಮೊದಲನೆಯದು ಸಡಿಲವಾಗುತ್ತದೆ; ನಾವು ಏನನ್ನೂ ಕೇಳದೆ ಮತ ಹಾಕಿದರೆ ಎರಡನೆಯದೂ ಉಳಿಯುವುದಿಲ್ಲ. ಮುಂದಿನ ಸಲ ಸಂಸದರು ಮತ ಕೇಳಲು ಬಂದಾಗ, ಯಾವ ಮಸೂದೆಯ ಮೇಲೆ ಏನು ಮಾತಾಡಿದಿರಿ ಎಂದು ಕೇಳೋಣ.