ದುರ್ಬೀನಿಗೊಂದು ಮೋಟಾರು, ಮನೆಮಂದಿಗೊಂದು ಕೆಲಸ

ಮಳೆಗಾಲ ಮುಗಿದು ಚಳಿ ಕಾಲಿಟ್ಟಿತೆಂದರೆ ಕುಷ್ಟಗಿ, ಯಲಬುರ್ಗಾಗಳ ಹೊಲಗಳ ಮೇಲಿನ ಆಕಾಶ ತೊಳೆದಿಟ್ಟ ತಾಟಿನಂತೆ ಶುಭ್ರವಾಗುತ್ತದೆ. ಮನೆಯ ಮಾಳಿಗೆಯ ಮೇಲೆ ಸಣ್ಣದೊಂದು ದುರ್ಬೀನನ್ನು ನಿಲ್ಲಿಸಿದವರಿಗೆ ಚಂದ್ರನ ಕುಳಿಗಳೂ ಗುರುವಿನ ನಾಲ್ಕು ಉಪಗ್ರಹಗಳೂ ಶನಿಯ ಬಳೆಯೂ ದರ್ಶನ ಕೊಡುತ್ತವೆ. ಆದರೆ ಮೊದಲ ರಾತ್ರಿಯೇ ಮನೆಮಂದಿಯ ಸಹನೆಯನ್ನು ಪರೀಕ್ಷಿಸುವ ಸಂಗತಿಯೊಂದುಂಟು. ಬಿಂಬವನ್ನು ಸ್ಫುಟಗೊಳಿಸಲೆಂದು ಕಣ್ಣುಮಸೂರದ ಬಳಿಯ ತಿರುಪನ್ನು ಮುಟ್ಟಿದೊಡನೆ ಶನಿ ಗಡಗಡನೆ ನಡುಗತೊಡಗುತ್ತಾನೆ. ಕೈ ತೆಗೆದು, ನಡುಕ ನಿಂತ ಮೇಲೆ ನೋಡಿದರೆ, ತಿರುಪು ಬೇಕಾದುದಕ್ಕಿಂತ ಹೆಚ್ಚು ತಿರುಗಿರುತ್ತದೆ!

ಇದು ಕೈಯ ದೋಷವಲ್ಲ, ಗಣಿತದ ನಿಯಮ. ಗ್ರಹವನ್ನು ನೂರು ಪಟ್ಟು ಹಿಗ್ಗಿಸುವ ದುರ್ಬೀನು ತನ್ನ ನಡುಕವನ್ನೂ ನೂರು ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಕನ್ನಡಿಯ ವ್ಯಾಸದ ಆರರಷ್ಟು ನಾಭಿದೂರವುಳ್ಳ ದುರ್ಬೀನಿನಲ್ಲಿ ಬಿಂಬವು ಅತ್ಯಂತ ಸ್ಫುಟವಾಗಿರುವ ಅವಕಾಶ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿಗಿಂತಲೂ ಕಿರಿದು. ತಿರುಪು ಒಂದು ಸುತ್ತು ಬಂದಾಗ ಕಣ್ಣುಮಸೂರ 20 ಮಿಲಿಮೀಟರು ಸರಿಯುವುದಾದರೆ, ಈ ಅವಕಾಶದೊಳಗೆ ನಿಲ್ಲಲು ತಿರುಪನ್ನು ಒಂದೂವರೆ ಡಿಗ್ರಿಯಷ್ಟು ಮಾತ್ರ ತಿರುಗಿಸಬೇಕು. ಸಾಲದೆಂಬಂತೆ, ಒಂದು ಮೀಟರು ಉದ್ದದ ಅಲ್ಯೂಮಿನಿಯಂ ಕೊಳವೆ 10 ಡಿಗ್ರಿ ಸೆಲ್ಸಿಯಸ್ ತಣಿದರೆ ಸುಮಾರು ಕಾಲು ಮಿಲಿಮೀಟರು ಕುಗ್ಗುತ್ತದೆ. ಹಗಲು ಕಾದು ಇರುಳು ತಣಿಯುವ ಕೊಪ್ಪಳದಂತಹ ಬಯಲುಸೀಮೆಯಲ್ಲಿ ಸಂಜೆ ಸರಿಪಡಿಸಿದ ಬಿಂಬ ನಡುರಾತ್ರಿಗೆ ಮಸುಕಾಗದಿದ್ದೀತೆ?

ಪರಿಹಾರ ಸುಲಭ: ತಿರುಪನ್ನು ತಿರುಗಿಸುವ ಕೆಲಸವನ್ನು ಕೈಯಿಂದ ಬಿಡಿಸಿ ಪುಟ್ಟ ಮೋಟಾರಿಗೆ ಒಪ್ಪಿಸುವುದು. ಗಂಗಾವತಿಯ ಅಕ್ಕಿಯ ಗಿರಣಿಯನ್ನೋ ಓಣಿಯ ಹಿಟ್ಟಿನ ಗಿರಣಿಯನ್ನೋ ಕಂಡವರಿಗೆ ಇದರ ಮರ್ಮ ಹೊಸತೇನಲ್ಲ. ಸಣ್ಣ ಗಾಲಿಯಿಂದ ದೊಡ್ಡ ಗಾಲಿಗೆ ಪಟ್ಟಾ ಹಾಕಿದರೆ ವೇಗ ಇಳಿಯುತ್ತದೆ, ಬಲ ಏರುತ್ತದೆ. ನಿಮಿಷಕ್ಕೆ ಐದು ಸುತ್ತು ತಿರುಗುವ, ಹಲ್ಲುಚಕ್ರಗಳನ್ನು ಒಳಗೊಂಡ ಪುಟ್ಟ ಮೋಟಾರಿಗೆ 6 ಮಿಲಿಮೀಟರು ವ್ಯಾಸದ ಗಾಲಿ. ದುರ್ಬೀನಿನ ತಿರುಪಿಗೆ 60 ಮಿಲಿಮೀಟರಿನ ಮರದ ಗಾಲಿ. ಎರಡಕ್ಕೂ ನಡುವೆ ರಬ್ಬರಿನ ಉಂಗುರ. ಆಗ ತಿರುಪು ಒಂದು ಸುತ್ತು ಬರಲು ಎರಡು ನಿಮಿಷ ಹಿಡಿಯುತ್ತದೆ. ಗುಂಡಿಯನ್ನು ಅರ್ಧ ಸೆಕೆಂಡು ಒತ್ತಿದರೆ ಕಣ್ಣುಮಸೂರ ಸರಿಯುವುದು ಮಿಲಿಮೀಟರಿನ ಹನ್ನೆರಡನೆಯ ಒಂದು ಪಾಲು ಮಾತ್ರ. ಬ್ಯಾಟರಿಯ ಎರಡು ತಂತಿಗಳನ್ನು ಅದಲುಬದಲು ಮಾಡುವ ಸ್ವಿಚ್ಚೊಂದಿದ್ದರೆ ಮೋಟಾರು ಹಿಂದಕ್ಕೂ ತಿರುಗುತ್ತದೆ. ತಿರುಪು ತನ್ನ ಕೊನೆ ಮುಟ್ಟಿದಾಗ ಉಂಗುರವು ಜಾರುವುದರಿಂದ ಯಂತ್ರಕ್ಕೆ ಅಪಾಯವಿಲ್ಲ. ಸ್ವಿಚ್ಚಿನ ಪೆಟ್ಟಿಗೆಗೆ ಎರಡು ಮೊಳ ತಂತಿ ಬಿಟ್ಟು, ಅದನ್ನು ಸಡಿಲವಾಗಿ ಇಳಿಬಿಟ್ಟರೆ ಕೈಯ ನಡುಕ ದುರ್ಬೀನಿನವರೆಗೆ ಮುಟ್ಟದು.

ಇಷ್ಟನ್ನು ಒಬ್ಬರೇ ಕುಳಿತು ಮಾಡಬಹುದು. ಆದರೆ ಮನೆಮಂದಿಯೆಲ್ಲ ಹಂಚಿಕೊಂಡು ಮಾಡಿದಾಗ ಬರುವ ಕಳೆಯೇ ಬೇರೆ. ಕೊಪ್ಪಳದ ನೆರೆಯ ಕಿನ್ನಾಳದಲ್ಲಿ ಹಗುರ ಮರ, ಗೋಣಿನಾರು, ಮರದ ಹೊಟ್ಟು, ಹುಣಿಸೆಬೀಜದ ಅಂಟು ಇಷ್ಟರಿಂದಲೇ ಬಣ್ಣದ ಗೊಂಬೆಗಳನ್ನು ಮೂಡಿಸುವ ಚಿತ್ರಗಾರ ಮನೆತನಗಳ ಕಸುಬು ಉಳಿದುಬಂದುದು ಮನೆಯೇ ಶಾಲೆಯಾದುದರಿಂದಲ್ಲವೆ? ಆದರೆ ಕೆಲಸ ಹಂಚುವಾಗ ಹಿರಿಯರು ಒಂದು ಎಚ್ಚರ ವಹಿಸಬೇಕು. ಬೆಸುಗೆ ಹಾಕುವುದು, ರಂಧ್ರ ಕೊರೆಯುವುದು ಮಗನಿಗೆ. ದೀಪ ಹಿಡಿಯುವುದು, ಚಹ ತರುವುದು ಮಗಳಿಗೆ ಎಂಬ ಹಂಚಿಕೆ ಬಹು ಮನೆಗಳಲ್ಲಿ ಯಾರೂ ಹೇಳದೆಯೇ ನಡೆದುಹೋಗುತ್ತದೆ.

ಇಂಗ್ಲೆಂಡಿನ ಬಾತ್ ನಗರದ ಒಂದು ಮನೆಯ ಕಥೆಯನ್ನು ಇಲ್ಲಿ ನೆನೆಯಬೇಕು. ಸಂಗೀತ ಕಲಿಸಿ ಜೀವಿಸುತ್ತಿದ್ದ ವಿಲಿಯಂ ಹರ್ಷಲ್ ಮನೆಯಲ್ಲೇ ದುರ್ಬೀನು ಮಾಡಹೊರಟಾಗ ತಮ್ಮ ಅಲೆಕ್ಸಾಂಡರನು ಮಲಗುವ ಕೋಣೆಯಲ್ಲಿ ಕಡೆಯುವ ಯಂತ್ರ ಹೂಡಿದನು. 1772ರಲ್ಲಿ ಹ್ಯಾನೋವರಿನಿಂದ ಬಂದಿದ್ದ ತಂಗಿ ಕ್ಯಾರೊಲಿನ್, ಅಚ್ಚಿಗಾಗಿ ಕುದುರೆಯ ಲದ್ದಿಯನ್ನು ಕುಟ್ಟಿ ಜರಡಿ ಹಿಡಿದಳು. ಹದಿನಾರು ಗಂಟೆ ಬಿಡದೆ ಕನ್ನಡಿಯನ್ನು ಉಜ್ಜುತ್ತಿದ್ದ ಅಣ್ಣನ ಬಾಯಿಗೆ ತುತ್ತಿಟ್ಟಳು. 1781ರ ಮಾರ್ಚ್ 13ರಂದು ಬಾತ್ ನಗರದ ತನ್ನ ಮನೆಯ ತೋಟದಿಂದ ವಿಲಿಯಂ ಯುರೇನಸ್ ಗ್ರಹವನ್ನು ಕಂಡುಹಿಡಿದನು. ಕಥೆ ಅಲ್ಲಿಗೆ ಮುಗಿದಿದ್ದರೆ ಕ್ಯಾರೊಲಿನ್ ತುತ್ತಿಟ್ಟ ತಂಗಿಯಾಗಿಯೇ ಉಳಿಯುತ್ತಿದ್ದಳು. ಆದರೆ ಅಣ್ಣ ಅವಳಿಗೂ ಒಂದು ದುರ್ಬೀನನ್ನು ಕೊಟ್ಟನು. 1786ರ ಆಗಸ್ಟ್ 1ರಂದು ಅವಳು ತನ್ನ ಮೊದಲ ಧೂಮಕೇತುವನ್ನು ಕಂಡಳು. ಮುಂದೆ ಅವಳ ಧೂಮಕೇತುಗಳ ಎಣಿಕೆ ಎಂಟಕ್ಕೇರಿತು. 1787ರಿಂದ ಅರಸನ ಬೊಕ್ಕಸದಿಂದ ವರ್ಷಕ್ಕೆ 50 ಪೌಂಡು ಸಂಬಳ ಪಡೆದಳು.

ಆ ಮನೆತನದ ದೃಷ್ಟಿ ಕನ್ನಡನಾಡಿಗೂ ಹರಿದುಬಂದಿತು. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ವೀಕ್ಷಿಸಲು ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಗೆ ಬಂದವನು ವಿಲಿಯಂನ ಮೊಮ್ಮಗ, ಲೆಫ್ಟಿನೆಂಟ್ ಜಾನ್ ಹರ್ಷಲ್. ಮೋಡಗಳ ಎಡೆಯಲ್ಲಿ ಅವನು ಸೂರ್ಯನ ಅಂಚಿನ ಜ್ವಾಲೆಗಳ ಬೆಳಕನ್ನು ವಿಭಜಿಸಿ ನೋಡಿದಾಗ ಕೆಂಪು, ಕಿತ್ತಳೆ, ನೀಲಿ ರೇಖೆಗಳು ಹೊಳೆದವು. ಆ ಜ್ವಾಲೆಗಳು ಉರಿಬಿಸಿಯ ಅನಿಲವೆಂಬುದಕ್ಕೆ ಅಂದು ದೊರೆತ ಪುರಾವೆಗಳಲ್ಲಿ ಅದೂ ಒಂದು.

ಕೊಪ್ಪಳದ ಮಾಳಿಗೆಯ ಮೇಲಿನ ಮೋಟಾರಿನಿಂದ ಹೊಸ ಗ್ರಹ ಸಿಕ್ಕದಿರಬಹುದು. ಆದರೂ ತಂತಿ ತಪ್ಪಾಗಿ ಜೋಡಿಸಿದಾಗ ಕಾರಣ ಹುಡುಕಿ ತಾನೇ ತಿದ್ದಿದ ಹುಡುಗಿಗೆ, ಶನಿಯ ಬಳೆಯ ಜೊತೆಗೆ ತನ್ನ ಕೈಯ ಶಕ್ತಿಯೂ ಕಂಡಿರುತ್ತದೆ. ದುರ್ಬೀನನ್ನು ಹಗಲಿನಲ್ಲಿ ಸೂರ್ಯನತ್ತ ತಿರುಗಿಸಿ ನೋಡಬಾರದೆಂಬ ಎಚ್ಚರಿಕೆಯನ್ನು ಮಕ್ಕಳೆಲ್ಲರಿಗೂ ಒಂದೇ ದನಿಯಲ್ಲಿ ಹೇಳುವ ಹಿರಿಯರು ಬೆಸುಗೆಯ ಕೆಲಸವನ್ನೂ ಹಾಗೆಯೇ ಸಮನಾಗಿ ಹಂಚಲಿ.