ಹೊಸಕೋಟೆಯ ಕ್ಯಾಮೆರಾ, ರಾಜೇಶ್ವರದ ತಕರಾರು

ಬೇರೆ ನಕ್ಷತ್ರಗಳ ಗ್ರಹಗಳನ್ನು ಹುಡುಕುವ ಬಾಹ್ಯಾಕಾಶ ದೂರದರ್ಶಕಕ್ಕೆ ಬೇಕಾದ ಕ್ಯಾಮೆರಾವನ್ನು ನಮ್ಮ ದೇಶವೇ ಕಟ್ಟಬೇಕು ಎಂದೆ. ಬೀದರ ಜಿಲ್ಲೆ ಬಸವಕಲ್ಯಾಣ ತಾಲ್ಲೂಕಿನ ರಾಜೇಶ್ವರದ ಗೆಳೆಯರು ತಿರುಗಿ ಬಿದ್ದರು. ಅವರ ಒಂದೊಂದು ಮಾತಿಗೂ ಉತ್ತರ ಕೊಡಲೇಬೇಕು.

ನೆಲದ ಮೇಲಿನ ದೂರದರ್ಶಕ ಸಾಲದೇ ಎಂಬುದು ಮೊದಲ ಪ್ರಶ್ನೆ. ಕೆಲವಕ್ಕೆ ಸಾಕು. 2016ರಲ್ಲಿ ಟ್ರ್ಯಾಪಿಸ್ಟ್-1 ಎಂಬ ನಕ್ಷತ್ರದ ಗ್ರಹಗಳು ಪತ್ತೆಯಾದಾಗ ಲಡಾಖಿನ ಹಾನ್ಲೆಯಲ್ಲಿರುವ ಹಿಮಾಲಯನ್ ಚಂದ್ರ ದೂರದರ್ಶಕದ ವೀಕ್ಷಣೆಯೂ ನೆರವಾಗಿತ್ತು. ಅದನ್ನು ನಡೆಸುವುದು ಬೆಂಗಳೂರು ಬಳಿಯ ಹೊಸಕೋಟೆಯಿಂದ. ಆದರೆ ಆ ನಕ್ಷತ್ರ ತೀರಾ ಚಿಕ್ಕದು, ಗ್ರಹ ಅಡ್ಡ ಬಂದರೆ ಬೆಳಕು ಎದ್ದು ಕಾಣುವಷ್ಟು ಇಳಿಯುತ್ತದೆ. ಸೂರ್ಯನಂಥ ನಕ್ಷತ್ರದ ಮುಂದೆ ಭೂಮಿಯಂಥ ಗ್ರಹ ಹಾದರೆ ಇಳಿಯುವುದು ಹತ್ತು ಲಕ್ಷದಲ್ಲಿ 84 ಪಾಲು ಮಾತ್ರ. ವಾತಾವರಣದ ನಡುಕದಲ್ಲಿ ಅದು ಸಿಗುವುದಿಲ್ಲ.

ಪರೀಕ್ಷೆಯ ಹೆಸರಿನಲ್ಲಿ ವರ್ಷಗಟ್ಟಲೆ ಕಾಲ ಕಳೆಯುತ್ತಾರೆ ಎಂಬ ದೂರು ನನ್ನನ್ನು ಹೆಚ್ಚು ಕೆಣಕಿತು. ತೊಗರಿ ಬಿತ್ತುವ ಮುನ್ನ ಮೊಳಕೆ ಪರೀಕ್ಷೆ ಮಾಡುವವರು ಈ ಮಾತು ಆಡಬಾರದು. ಇಂಥ ಗ್ರಹಗಳನ್ನು ಹುಡುಕಲೆಂದೇ ಅಮೆರಿಕ ಕಟ್ಟಿದ ಕೆಪ್ಲರ್ ದೂರದರ್ಶಕ 2009ರಲ್ಲಿ ಹಾರಿತು. ಮರುವರ್ಷ ಜನವರಿಯಲ್ಲೇ ಅದರ ಕ್ಯಾಮೆರಾದ 21 ಘಟಕಗಳಲ್ಲಿ ಒಂದು ಕೆಟ್ಟಿತು. ಸೂರ್ಯನನ್ನು ಸುತ್ತುವ ಆ ಯಂತ್ರದ ಬಳಿಗೆ ಹೋಗಿ ರಿಪೇರಿ ಮಾಡುವವರು ಯಾರು? ಹೀಗಾಗಿಯೇ ನೆಲದಲ್ಲಿರುವಾಗಲೇ ಕ್ಯಾಮೆರಾವನ್ನು ನಿರ್ವಾತ ಕೋಣೆಯಲ್ಲಿಟ್ಟು ಕೊರೆಯುವ ಚಳಿಗೆ ಒಡ್ಡುತ್ತಾರೆ, ರಾಕೆಟ್ಟಿನಷ್ಟೇ ಜೋರಾಗಿ ಅಲುಗಿಸುತ್ತಾರೆ, ಪಿಕ್ಸೆಲ್‌ಗಳ ಗುಣ ಅಳೆಯುತ್ತಾರೆ. ಅದೇ ಕೆಲಸಕ್ಕೆ ಅಮೆರಿಕ ಕಟ್ಟಿದ ಟೆಸ್ ದೂರದರ್ಶಕದ ಕ್ಯಾಮೆರಾಗಳ ಫೋಕಸ್ ಚಳಿಯಲ್ಲಿ ತುಸು ಸರಿಯುತ್ತದೆಂದು ಗೊತ್ತಾದದ್ದು ಇಂಥ ಪರೀಕ್ಷೆಯಿಂದಲೇ. ಎಷ್ಟು ಸರಿಯುತ್ತದೆಂದು ಅಳೆದು, ಕೆಲಸಕ್ಕೆ ಅಡ್ಡಿಯಿಲ್ಲವೆಂದು ತೀರ್ಮಾನಿಸಿ 2018ರಲ್ಲಿ ಹಾರಿಸಿದರು.

ನಮ್ಮಲ್ಲೂ ಈ ಶಿಸ್ತು ಇದೆ. ಭಾರತದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್‌ನ ಅತಿನೇರಳೆ ದೂರದರ್ಶಕ ಯುವಿಟ್ ಸಿದ್ಧವಾದದ್ದು ಹೊಸಕೋಟೆಯಲ್ಲಿ, ಭಾರತೀಯ ಖಭೌತ ಸಂಸ್ಥೆಯ ಎಂ.ಜಿ.ಕೆ. ಮೆನನ್ ಪ್ರಯೋಗಾಲಯದಲ್ಲಿ. ಅಂಟಿನಿಂದ, ತಂತಿಯ ಹೊದಿಕೆಯಿಂದ ಹೊಮ್ಮುವ ಆವಿ ಕಣ್ಣಿಗೆ ಕಾಣದ ಪದರವಾಗಿ ಕನ್ನಡಿಯ ಮೇಲೆ ಕೂತರೂ ಸಾಕು, ಅತಿನೇರಳೆ ಬೆಳಕನ್ನು ನುಂಗಿಬಿಡುತ್ತದೆ. ಆದ್ದರಿಂದ 2015ರ ಸೆಪ್ಟೆಂಬರ್ 28ರಂದು ಉಡಾವಣೆಯಾದರೂ ನವೆಂಬರ್ 30ರವರೆಗೆ ಅದರ ಬಾಗಿಲು ತೆರೆಯಲಿಲ್ಲ. ಆ ಎರಡು ತಿಂಗಳ ತಾಳ್ಮೆಯನ್ನು ಕಾಲಹರಣವೆಂದು ನಾನಂತೂ ಕರೆಯಲಾರೆ.

ಅಮೆರಿಕದವರು ಮಾಡಿದ್ದಾರೆ, ನಮಗೇಕೆ ಎನ್ನುವವರು ಸೂರ್ಯನನ್ನು ನೋಡುವ ನಮ್ಮ ನೌಕೆ ಆದಿತ್ಯ-ಎಲ್1ರ ವೆಲ್ಕ್ ಉಪಕರಣವನ್ನು ನೋಡಲಿ. 2023ರಲ್ಲಿ ಹಾರಿದ ಅದನ್ನೂ ಜೋಡಿಸಿ ಪರೀಕ್ಷಿಸಿದ್ದು ಹೊಸಕೋಟೆಯಲ್ಲೇ. ಸೂರ್ಯಬಿಂಬವನ್ನು ಮರೆಮಾಡಿ ಸುತ್ತಲಿನ ಮಂಕು ಪ್ರಭೆಯನ್ನು ಹಿಡಿಯುವುದು ಅದರ ಕೆಲಸ. ನಕ್ಷತ್ರವನ್ನು ಮರೆಮಾಡಿ ಗ್ರಹದ ಚಿತ್ರ ತೆಗೆಯುವುದೂ ಇದೇ ವಿದ್ಯೆಯ ಮುಂದಿನ ಮೆಟ್ಟಿಲು. ಮೆಟ್ಟಿಲು ಬಹಳ ಎತ್ತರದ್ದು, ನಿಜ: ಭೂಮಿಯಂಥ ಗ್ರಹ ತನ್ನ ನಕ್ಷತ್ರಕ್ಕಿಂತ ಸುಮಾರು ಸಾವಿರ ಕೋಟಿ ಪಟ್ಟು ಮಂಕು. ಆದರೆ ಮೊದಲ ಮೆಟ್ಟಿಲು ಹತ್ತಿದವರು ಅಲ್ಲೇ ನಿಲ್ಲಬೇಕೇ?

ಇನ್ನು ದುಡ್ಡು. ಇಡೀ ಆಸ್ಟ್ರೋಸ್ಯಾಟ್‌ಗೆ ತಗುಲಿದ್ದು ಸುಮಾರು 178 ಕೋಟಿ ರೂಪಾಯಿ. ಒಂದು ದೇಶಕ್ಕೆ ಇದು ದುಂದಲ್ಲ.

ರಾಜೇಶ್ವರದ ಮಕ್ಕಳಿಗೆ ಇದರಿಂದ ಏನು ಸಿಕ್ಕಿತು ಎಂಬ ಕೊನೆಯ ಪ್ರಶ್ನೆ ಮಾತ್ರ ಮನಸ್ಸಿಗೆ ನಾಟುತ್ತದೆ. ಇಲ್ಲಿಯವರೆಗೆ ಸಿಕ್ಕಿದ್ದು ಕಡಿಮೆಯೇ. ಆದರೆ ಕ್ಯಾಮೆರಾ ಕಟ್ಟುವುದನ್ನು ನಿಲ್ಲಿಸಿದ ಮಾತ್ರಕ್ಕೆ ಬಸವಕಲ್ಯಾಣದ ಒಂದು ಶಾಲೆಗೂ ಪ್ರಯೋಗಾಲಯ ಬರುವುದಿಲ್ಲ. ಈ ಕೆಲಸಕ್ಕೆ ವಿಜ್ಞಾನಿಗಳಷ್ಟೇ ಅಲ್ಲ, ಲೇತ್ ನಡೆಸುವವರು, ಸರ್ಕ್ಯೂಟ್ ಬೆಸೆಯುವವರು, ನಿರ್ವಾತ ಪಂಪು ಬಲ್ಲವರೂ ಬೇಕು. ಬೀದರ ಜಿಲ್ಲೆಯ ಐಟಿಐ, ಡಿಪ್ಲೊಮಾ ಮಕ್ಕಳಿಗೆ ಹೊಸಕೋಟೆಯಲ್ಲಿ ತರಬೇತಿ ಕೊಡಿ ಎಂದು ಮನವಿ ಬರೆಯೋಣ. ಮೊದಲ ಸಹಿ ನನ್ನದು. ತಕರಾರು ಎತ್ತಿದ ಗೆಳೆಯರೂ ಕೆಳಗೆ ಸಹಿ ಹಾಕಲಿ.